ಕಾಗದದ ಚೀಲದ ಮೇಲಿನ ಉತ್ತರ

ಕಿಟಕಿಯ ಪಕ್ಕ ಕುಳಿತವನನ್ನು ನೋಡಿದೊಡನೆ ವತ್ಸಲಾಳಿಗೆ ವಿಮಾನ ಇಳಿದು ಓಡಿಬಿಡೋಣ ಅನ್ನಿಸಿತು. ಅವನೇ. ಆಲಮಟ್ಟಿ ಆಣೆಕಟ್ಟಿನ ಇಂಜಿನಿಯರ್ ವಾಸುದೇವ. ನಾಲ್ಕು ತಿಂಗಳ ಹಿಂದೆ ಇಂಡಿ ಊರಿನ ಅವಳ ಮನೆಗೆ ಕನ್ಯೆ ನೋಡಲು ಬಂದು, ಎರಡು ಬಟ್ಟಲು ಅವಲಕ್ಕಿ ತಿಂದು, ಹೋದವನು ಹೋದವನೇ.

ಬಾಗಿಲು ಮುಚ್ಚಿಯಾಗಿತ್ತು. ಆಚೆ ಸಾಲಿನಲ್ಲಿ ಸೋದರತ್ತೆ ಅಂಬುಬಾಯಿ ಜಪಮಾಲೆ ಹಿಡಿದು ಕುಳಿತಿದ್ದರು, ಎರಡೂ ಕಣ್ಣಿಗೆ ಪಟ್ಟಿ. ಮುಂಬಯಿಯಲ್ಲಿ ಆಪರೇಶನ್ ಆಗಿತ್ತು. ರೈಲಿನ ಧಕ್ಕೆ ತಾಗಬಾರದು ಎಂದು ಡಾಕ್ಟರು ಹೇಳಿದ್ದಕ್ಕೇ ಅತ್ತೆಯ ಮಗ ಬೆಳಗಾವಿಯವರೆಗೆ ವಿಮಾನದ ಟಿಕೆಟ್ ತೆಗೆಸಿದ್ದ.

"ನೀವು ಇಂಡಿ ಪಾಂಡುರಂಗ ಮಾಸ್ತರ ಮಗಳು, ಹೌದಲ್ರೀ?" ಎಂದ ವಾಸುದೇವ.

ವತ್ಸಲಾ ತಲೆಯಾಡಿಸಿದಳು. ಅವತ್ತೂ ಅಷ್ಟೇ ಮಾಡಿದ್ದಳು. ಬಿ.ಎ. ಮುಗಿಸಿದ್ದರೂ ಅವಳ ಮಾತೆಲ್ಲ ಡೈರಿಯೊಳಗೇ. ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಿದ್ದರು.

"ನಿಮ್ಮ ತಂದಿಯವರಿಗೆ ಪತ್ರ ಬರದಿದ್ದೆ. ಹುಡುಗಿ ಒಪ್ಪಿಗಿ ಏನದ, ಅವರ ಕೈಲೇ ಬರಸಿ ಕಳಸ್ರಿ ಅಂತ. ಅವತ್ತ ನಾ ಕಂಡದ್ದು ನಿಮ್ಮ ಬೈತಲಿ ಒಂದ. ಮಾರಿ ಎತ್ತಲೇ ಇಲ್ಲ ನೀವು. ಉತ್ತರಾನೂ ಬರ್ಲಿಲ್ಲ."

ವತ್ಸಲಾಳ ಕಿವಿ ಬಿಸಿಯಾಯಿತು. ಅಪ್ಪ ಆ ಪತ್ರ ಓದಿ, ಮಡಿಚಿ ಗೂಡಿನಲ್ಲಿಟ್ಟು, "ಒಲ್ಲೆ ಅನ್ನೂದನ್ನ ಮರ್ಯಾದಿಲೆ ಬರದಾರ" ಅಂದಿದ್ದರು. ಹುಡುಗಿಯ ಒಪ್ಪಿಗೆಯನ್ನು ಯಾವ ಗಂಡಿನವರು ಕೇಳುತ್ತಾರೆ? ಕೇಳಿದರೆಂದರೆ ಜಾರಿಕೊಳ್ಳುವ ನೆವ ಎಂದೇ ಅವರ ತಿಳುವಳಿಕೆ. ಬರುವ ರವಿವಾರ ಸಿಂದಗಿಯ ಇನ್ನೊಬ್ಬ ವರ ಬರುವವನಿದ್ದ. ಅವನು ಹೂಂ ಅಂದರೆ ಮುಗಿಯಿತು. ಇತ್ತ ಡೈರಿಯ ಅರ್ಧ ಪುಟಗಳು ಈ ವಾಸುದೇವನನ್ನು ಬೈಯುವುದರಲ್ಲೇ ತೀರಿಹೋಗಿದ್ದವು!

ಈಗ ಹೇಳಿಬಿಡಬೇಕು. "ನನಗ..." ಎಂದಳು.

ವಿಮಾನ ಧಡಕ್ಕನೆ ಕುಸಿಯಿತು. ಸಹ್ಯಾದ್ರಿಯ ಮೇಲೆ ಆಷಾಢದ ಮೋಡ ಗುಡ್ಡದಂತೆ ನಿಂತಿತ್ತು. ಅದರೊಳಗೆ ಹೊಕ್ಕ ವಿಮಾನಕ್ಕೆ ಮೇಲೆ ಕೆಳಗೆ ತಿಳಿಯದಾಯಿತು. ಚಹದ ಕಪ್ಪುಗಳು ಹಾರಿದವು. ಪೆಪ್ಪರ್‌ಮಿಂಟು ಹಂಚುತ್ತಿದ್ದ ಗಗನಸಖಿ ಯಾರದೋ ತೊಡೆಯ ಮೇಲೆ ಕುಳಿತುಬಿಟ್ಟಳು. ಬೆಲ್ಟು ಬಿಗಿದುಕೊಳ್ಳಿ ಎನ್ನುವ ದೀಪ ಹತ್ತಿತು.

"ಏನಂದ್ರಿ?" ಎಂಜಿನ್ನಿನ ಸದ್ದಿಗೆ ಕಿವಿಗೆ ಹತ್ತಿ ತುರುಕಿಕೊಂಡಿದ್ದ ವಾಸುದೇವ ಕೂಗಿದ.

"ಒಪ್ಪಿಗಿ..."

ಮತ್ತೊಂದು ಕುಸಿತ. ಮೂರನೆಯ ಸಲ ಬಾಯಿ ತೆರೆದಾಗ ನಾಲಗೆಯೇ ಹಲ್ಲಿಗೆ ಸಿಕ್ಕಿತು. ಹುಟ್ಟಿದಾಗಿನಿಂದ ಒಮ್ಮೆ ಮಾತಾಡಲು ಹೊರಟರೆ ಆಕಾಶವೇ ಅಡ್ಡ ಬರಬೇಕೆ!

ಮುಂದಿನ ಸೀಟಿನ ಜೇಬಿನಲ್ಲಿ, ವಾಂತಿ ಬಂದವರಿಗೆಂದು ಇಟ್ಟ ಕಾಗದದ ಚೀಲವಿತ್ತು. ಅವಳು ಪೆನ್ನು ತೆಗೆದು, ಚೀಲವನ್ನು ಕುಣಿಯುವ ಮೊಣಕಾಲ ಮೇಲಿಟ್ಟು ಬರೆದಳು: ನನಗೆ ಒಪ್ಪಿಗೆ ಇದೆ. ಮೊದಲ ದಿನದಿಂದಲೂ. ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ ಹೋಯಿತು. ಕಣ್ಣು ಮುಚ್ಚಿ ಅವನ ಕೈಗೆ ಕೊಟ್ಟಳು.

"ಆಣೆಕಟ್ಟಿನ ಗ್ವಾಡಿ ಮ್ಯಾಲ ನಡೀತೇನ್ರಿ ನಾ, ಏನೂ ಆಗೂದಿಲ್ಲ," ಎಂದ ವಾಸುದೇವ, ಮುಖ ಹಸಿರು. "ಇಲ್ಲಿ ಕಾಲ ಕೆಳಗ ನೆಲಾನ..."

ಚೀಲದ ಬಾಯಿ ಬಿಡಿಸಿ ಅದರಲ್ಲೇ ಕಕ್ಕಿಕೊಂಡ. ಗಗನಸಖಿ ತಡವರಿಸುತ್ತ ಬಂದು ಅದನ್ನು ಒಯ್ದೇಬಿಟ್ಟಳು. ನಾಲ್ಕು ತಿಂಗಳ ಉತ್ತರ ಕಸದ ಡಬ್ಬಿ ಸೇರಿತು.

ಮೋಡ ಹಿಂದೆ ಬಿತ್ತು. ಅಲುಗಾಟ ನಿಂತು ಎಂಜಿನ್ನಿನ ಸದ್ದೂ ತಗ್ಗಿತು. ವಾಸುದೇವ ಕಿವಿಯ ಹತ್ತಿ ಕಿತ್ತು, ಮೀಸೆ ಒರೆಸಿಕೊಂಡು, "ಭಾಳ ಉಪಕಾರಾತ್ರಿ. ಹೊತ್ತಿಗಿ ಸರಿಯಾಗಿ ಚೀಲಾ ಕೊಟ್ರಿ," ಎಂದ.

"ಅದರ ಮ್ಯಾಲ ನನ್ನ ಒಪ್ಪಿಗಿ ಬರದಿದ್ದೆನ್ರಿ!" ವತ್ಸಲಾ ಚೀರಿದಳು. "ನಿಮ್ಮನ್ನ ಮದಿವಿ ಆಗ್ಲಿಕ್ಕೆ ಒಪ್ಪಿಗಿ!"

ನಲವತ್ತು ತಲೆಗಳು ತಿರುಗಿದವು. ವಾಸುದೇವನ ಕೈಯಲ್ಲಿ ರುಮಾಲು ಹಾಗೇ ನಿಂತಿತು. ಅವಳು ಮುಖ ಎತ್ತಿಯೇ ಇದ್ದಳು. ಅವನು ನೋಡಿದ, ನೋಡುತ್ತಲೇ ಇದ್ದ.

"ವತ್ಸೀ, ಅದು ನಿಂದ ದನೀ ಏನs?" ಅಂಬುಬಾಯಿ ಜಪ ನಿಲ್ಲಿಸಿದರು.

"ಹೌದತ್ತಿ."

"ಪಟ್ಟಿ ಕಣ್ಣಿಗದ, ಕಿವಿಗಲ್ಲ. ಎಲ್ಲಾ ಕೇಳಿದೆ."

ಬೆಳಗಾವಿಯಲ್ಲಿ ಇಳಿಯಲು ಹವೆ ಸರಿಯಿಲ್ಲ, ಮುಂಬಯಿಗೇ ಮರಳುತ್ತಿದ್ದೇವೆ ಎಂದು ಪೈಲಟ್ ಸಾರಿದ. ಎಲ್ಲರೂ ಗೊಣಗಿದರು. ಮತ್ತೆ ಅದೇ ಮೋಡ.

"ಛಲೋ ಆತು," ಎಂದರು ಅಂಬುಬಾಯಿ. "ಮುಟ್ಟಿದ ಕೂಡ್ಲೆ ಪೋಸ್ಟಿಗೆ ಹೋಗಿ ಪಾಂಡೂಗ ತಾರ ಹೊಡಿಯೂಣು, ಸಿಂದಗಿಯವರಿಗೆ ಬರಬ್ಯಾಡ್ರಿ ಅನ್ನು ಅಂತ."

ವಾಸುದೇವ ತನ್ನ ಮುಂದಿನ ಜೇಬಿನ ಚೀಲ ತೆಗೆದು ಮೆಲ್ಲನೆ ಅವಳತ್ತ ಚಾಚಿದ. "ಇನ್ನೊಮ್ಮೆ ಬರದ ಕೊಡ್ತೀರೇನು?"

"ಬರದದ್ದನ್ನ ನೀವೆಲ್ಲೆ ಉಳಸ್ತೀರಿ?" ವತ್ಸಲಾ ಚೀಲವನ್ನು ಅವನ ಮಡಿಲಿಗೇ ತಳ್ಳಿದಳು. "ಹಿಡಕೊಂಡ ಕೂಡ್ರಿ, ಬೇಕಾಗ್ತದ. ಇನ್ನ ಮ್ಯಾಲ ನಾ ಬಾಯಿಲೇ ಹೇಳಾಕಿ."