ಉಲ್ಮೆನ್‌ಬ್ರುನ್ನಿನ ಬುಗ್ಗೆಗುಂಡಿ

ಆಲ್ಬಾನ್ ರಾಯ್ಟರ್ ಮೇಷ್ಟ್ರು ಬುಗ್ಗೆಗುಂಡಿಯ ತಳದಲ್ಲಿ ಬೋರಲು ಬಿದ್ದಿದ್ದರು.

ಬೆಳಿಗ್ಗೆ, ಬುಗ್ಗೆಯ ಔಷಧಿನೀರು ಹಂಚುವ ಹೆಂಗಸು ಒಟ್ಟೀಲಿಯ ನೀರುಮನೆಯ ಬಾಗಿಲು ತೆಗೆದಳು. ಗುಂಡಿಯ ಮುಚ್ಚಳ ಸರಿದಿತ್ತು. ಬಗ್ಗಿ ನೋಡಿ ಕಿಟಾರನೆ ಕಿರುಚಿದಳು. ಇನ್‌ಸ್ಪೆಕ್ಟರ್ ರೋಸ್ವಿಟಾ ಕೇಲ್ ಓಡಿ ಬರುವಷ್ಟರಲ್ಲಿ ಡಾಕ್ಟರ್ ಲಿಯೊನ್‌ಹಾರ್ಟ್ ಫಾಸ್ಲರ್ ಹೆಣ ನೋಡಿ ಬರಿಗೈಯಲ್ಲಿ ಏಣಿ ಹತ್ತಿ ಮೇಲೆ ಬರುತ್ತಿದ್ದರು.

"ಬುಗ್ಗೆ ಜೊತೆ ಬರೋ ಗ್ಯಾಸು, ರೋಸಿ. ಉಸಿರು ಕಟ್ಟಿದೆ. ತಲೆ ಹಿಂದೆ ಏಟಾಗಿದೆ, ಏಣಿಗೆ ತಾಗಿರ್ಬೇಕು."

ಬುಗ್ಗೆಯ ನಲ್ಲಿಯಿಂದ ಒಟ್ಟೀಲಿಯ ಒಂದು ಲೋಟ ನೀರು ಹಿಡಿದು ಅವರಿಗೆ ಕೊಟ್ಟಳು. ಡಾಕ್ಟರು ಗಟಗಟನೆ ಕುಡಿದು ಕುರ್ಚಿಯಲ್ಲಿ ಕುಸಿದರು.

ರೋಸ್ವಿಟಾ ಗುಂಡಿಯೊಳಗೆ ಬಗ್ಗಿ ನೋಡಿದಳು. ತನಗೆ ಅಕ್ಷರ ಕಲಿಸಿದ ಮೇಷ್ಟ್ರು ಕೆಳಗೆ ಸತ್ತು ಬಿದ್ದಿದ್ದರು. ಅಪ್ಪ ಯುದ್ಧದಲ್ಲಿ ತೀರಿಕೊಂಡ ಮೇಲೆ ಕೈಹಿಡಿದು ಬೆಳೆಸಿದ ಲಿಯೊನ್‌ಹಾರ್ಟ್ ಮಾಮ ಎದುರಿಗೆ ಮುದುಡಿ ಕೂತಿದ್ದರು.

ಹೊರಗೆ ಆಗಲೇ ಸಾಲು ನಿಂತಿತ್ತು. ಎಲ್ಲರ ಲೋಟದಲ್ಲೂ ಗಾಜಿನ ಕೊಳವೆ. ಬುಗ್ಗೆಯ ಕಬ್ಬಿಣದ ನೀರು ತಾಗಿದರೆ ಹಲ್ಲು ಕಪ್ಪಾಗುತ್ತದೆ, ಹಾಗಾಗಿ ಈ ಊರಿನಲ್ಲಿ ಹಾಲುಹಲ್ಲಿನ ಮಕ್ಕಳೂ ಕೊಳವೆಯಲ್ಲೇ ಹೀರುವುದು. ಸಾಲಿನ ನಡುವೆ ರೋಸ್ವಿಟಾಳ ತಾಯಿ ಗೋಡೆ ಹಿಡಿದು ನಿಂತಿದ್ದಳು. ಮೈಯಲ್ಲಿ ರಕ್ತವಿಲ್ಲ. ಕಬ್ಬಿಣದ ಮಾತ್ರೆ ಬಿಡಿಸಿ ಈ ನೀರನ್ನೇ ಕುಡಿಯಲು ಹೇಳಿದ್ದರು ಡಾಕ್ಟರು. ಚಳಿಗಾಲದಿಂದೀಚೆಗೆ ಅವಳು ಇನ್ನಷ್ಟು ಬಿಳಿಚಿಕೊಂಡಿದ್ದಳು.

* * *

"ನಿಮ್ಮಪ್ಪ ಗುಂಡಿಗೆ ಯಾಕೆ ಇಳಿದ್ರು?" ಎಂದು ಕೇಳಿದಳು ರೋಸ್ವಿಟಾ.

ಮೇಷ್ಟ್ರ ಮಗಳು ಗುಂಡುಲಾ ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದಳು. "ಮುನ್ನೂರು ವರ್ಷದ ಹಬ್ಬ ಬಂತಲ್ಲ, ಊರಿನ ಚರಿತ್ರೆ ಬರೀತಿದ್ರು. ಕೆಳಗಿನ ಚಪ್ಪಡಿ ಮೇಲೆ ಕೆತ್ತಿರೋ ಇಸವಿ ಓದ್ಕೊಂಡು ಬರ್ತೀನಿ ಅಂತ ನಿನ್ನೆ ಸಂಜೆ ಹೋದ್ರು."

"ಗ್ಯಾಸಿನ ವಿಷಯ ಗೊತ್ತಿರಲಿಲ್ವಾ?"

"ಅಪ್ಪಂಗಾ?" ಅವಳು ಕೆರಳಿದಳು. "ಉರಿಯೋ ಮೇಣದಬತ್ತಿ ಮೊದಲು ಇಳಿಬಿಡಿ, ಆರಿದ್ರೆ ಗ್ಯಾಸಿದೆ, ಇಳೀಬೇಡಿ ಅಂತ ಊರಿಗೆಲ್ಲಾ ಪಾಠ ಹೇಳಿದ್ದೇ ಅವರು! ಈಗ ಮುದುಕ ಬುದ್ಧಿಗೆಟ್ಟು ಸತ್ತ ಅಂತ ಜನ ಆಡ್ಕೊಳ್ತಾರಲ್ಲ, ರೋಸಿ!"

ರೋಸ್ವಿಟಾ ನೀರುಮನೆಗೆ ಮರಳಿ ಬಂದು ಹಗ್ಗಕ್ಕೆ ಕಟ್ಟಿದ ಮೇಣದಬತ್ತಿಯನ್ನು ಗುಂಡಿಗೆ ಇಳಿಬಿಟ್ಟಳು. ಬತ್ತಿ ತಳ ಮುಟ್ಟಿತು. ಆರಲಿಲ್ಲ. ನೆಟ್ಟಗೆ ಉರಿಯುತ್ತಲೇ ಇತ್ತು.

* * *

"ಬುಗ್ಗೆಯಿದ್ದರೆ ಗ್ಯಾಸಿರಬೇಕು. ಗ್ಯಾಸ್ ಎಲ್ಲಿ, ಬ್ರಾಂಡಿಸ್?"

ಬುಗ್ಗೆ ಸ್ನಾನಗೃಹದ ಮ್ಯಾನೇಜರ್ ಬ್ರಾಂಡಿಸ್ ಬೆವರು ಒರೆಸಿಕೊಂಡ. ಊರಿನವರ ಕಣ್ಣೆಲ್ಲ ಅವನ ಮೇಲಿತ್ತು. ಗುಂಡಿಯ ಬೀಗದ ಕೈ ಇದ್ದದ್ದು ಅವನ ಕಚೇರಿಯಲ್ಲಿ.

"ಬುಗ್ಗೆ ಚಳಿಗಾಲದಲ್ಲೇ ಬತ್ತಿಹೋಯ್ತು ಮೇಡಂ. ಪೇಟೆ ಕೊಳಾಯಿ ನೀರಿಗೆ ಉಪ್ಪು, ಸೋಡಾ ಸಿಲಿಂಡರಿನ ಗ್ಯಾಸು ಸೇರಿಸಿ ನಲ್ಲಿಗೆ ಬಿಡ್ತಿದೀನಿ."

"ಕಬ್ಬಿಣ?"

"ಒಂದು ಚೂರೂ ಇಲ್ಲ."

ರೋಸ್ವಿಟಾಗೆ ಸಾಲಿನಲ್ಲಿ ನಿಂತ ತಾಯಿ ನೆನಪಾದಳು. ಅಮ್ಮ ಇಷ್ಟು ತಿಂಗಳು ಕುಡಿದದ್ದು ಉಪ್ಪುನೀರು!

"ಗ್ಯಾಸಿಲ್ದೆ ಉಸಿರು ಕಟ್ಟಲ್ಲ. ತಲೆಗೆ ಹೊಡೆದು ಮೇಷ್ಟ್ರನ್ನ ಕೊಂದಿದ್ದು ನೀನೇನಾ?"

"ಅಯ್ಯೋ! ನಿನ್ನೆ ಸಂಜೆ ಉದ್ಯಾನದಲ್ಲಿ ಬ್ಯಾಂಡ್ ಜೊತೆ ತುತ್ತೂರಿ ಊದ್ತಿದ್ದೆ. ಇಡೀ ಊರೇ ನೋಡಿದೆ."

"ಬುಗ್ಗೆ ಬತ್ತಿದ್ದು ಇನ್ಯಾರಿಗೆ ಗೊತ್ತು?"

ಬ್ರಾಂಡಿಸ್ ಮುಖ ತಿರುಗಿಸಿದ. "ಅದೊಂದು ಕೇಳ್ಬೇಡಿ."

ಕೇಳುವ ಅಗತ್ಯವಿರಲಿಲ್ಲ. ಬೆಳಗಿನ ನೋಟ ಕಣ್ಣಿಗೆ ಕಟ್ಟಿತು. ಅವಳು ನೀರುಮನೆಯತ್ತ ಹೊರಟಳು.

* * *

ಡಾಕ್ಟರು ನೀರುಮನೆಯಲ್ಲೇ ಕುಳಿತು ಮರಣಪತ್ರ ಬರೆಯುತ್ತಿದ್ದರು.

"ಅದನ್ನ ಹರೀರಿ, ಮಾಮ."

"ಯಾಕಮ್ಮ?"

"ಮೇಣದಬತ್ತಿ ಇಲ್ದೆ ಗುಂಡಿಗೆ ಇಳಿದ್ರಿ. ಉಸಿರಿಗೇನೂ ಆಗ್ಲಿಲ್ಲ. ಮೇಲೆ ಬಂದು ಗ್ಯಾಸು ಅಂದ್ರಿ. ಗ್ಯಾಸಿಲ್ಲ ಅಂತ ಗೊತ್ತಿದ್ದೋರು ಮಾತ್ರ ಹಾಗೆ ಇಳೀತಾರೆ."

"ಗಾಬರೀಲಿ ಇಳಿದೆ."

"ಸರಿ. ಆಮೇಲೆ ಕೊಳವೆ ಇಲ್ದೆ ನೀರು ಕುಡಿದ್ರಿ. ಕೊಳವೆ ಮರೆತ್ರೆ ನನ್ನ ತಲೆಗೆ ಮೊಟಕ್ತಿದ್ದೋರು ನೀವು. ಗಾಬರೀಲಿ ಈ ಊರಿನೋರಿಗೆ ಹೆಸರು ಮರೀಬಹುದು, ಕೊಳವೆ ಮರೆಯಲ್ಲ. ಅದ್ರಲ್ಲಿ ಕಬ್ಬಿಣ ಇಲ್ಲ ಅಂತ ನಿಮಗೆ ಗೊತ್ತಿತ್ತು. ಪ್ರತಿವರ್ಷ ನೀರು ಪರೀಕ್ಷೆ ಮಾಡಿ ಸಹಿ ಹಾಕೋದು ನೀವೇ ತಾನೇ?"

ಡಾಕ್ಟರು ಲೇಖನಿ ಕೆಳಗಿಟ್ಟರು.

"ಆಲ್ಬಾನ್ ಮೇಣದಬತ್ತಿ ಹಿಡ್ಕೊಂಡು ಇಳಿದ, ಹಿಂದೆ ನಾನೂ ಇಳಿದೆ. ಆರಲಿಲ್ಲ. ಬುಗ್ಗೆ ಸತ್ತಿದೆ ಅಂತ ಗೊತ್ತಾಯ್ತು. ಚರಿತ್ರೆ ಅಂದ್ಮೇಲೆ ಇದನ್ನೂ ಬರೀಬೇಕು ಅಂದ. ಕಾಲು ಹಿಡಿದೆ, ರೋಸಿ. ಕೇಳಲಿಲ್ಲ. ಅವನು ಚಪ್ಪಡಿ ಓದಕ್ಕೆ ಬಗ್ಗಿದಾಗ ಪೈಪು ತಿರುಗಿಸೋ ಕಬ್ಬಿಣದ ಸಲಾಕೆ ಕೈಗೆ ಸಿಕ್ತು." ಅವರು ತಲೆಯೆತ್ತಿದರು. "ಈ ಊರಿಗೆ ನೀರು ಬಿಟ್ರೆ ಇನ್ನೇನಿದೆ? ಗ್ಯಾಸು ಅಂತಲೇ ಇರ್ಲಿ, ಮಗಳೇ. ಊರು ಉಳಿಯುತ್ತೆ."

"ಗುಂಡುಲಾಗೆ ಏನು ಹೇಳ್ಲಿ? ನಿಮ್ಮಪ್ಪ ದಡ್ಡ ಅಂತಲಾ?" ರೋಸ್ವಿಟಾ ಮರಣಪತ್ರ ಕಿತ್ತುಕೊಂಡಳು. "ಅಮ್ಮ ದಿನದಿನಕ್ಕೆ ಬಿಳಿಚ್ಕೊಳ್ತಿದ್ದಾಗ ನಾಡಿ ಹಿಡಿದು ಏನು ನೋಡ್ತಿದ್ರಿ, ಮಾಮ?"

ರೋಸ್ವಿಟಾ ಅವರ ತೋಳು ಹಿಡಿದು ಹೊರಗೆ ಕರೆತಂದಳು. ಸಾಲು ಇನ್ನೂ ಕರಗಿರಲಿಲ್ಲ. ಡಾಕ್ಟರನ್ನು ಕಂಡು ಅಮ್ಮನ ಮುಖ ಅರಳಿತು.

"ಲಿಯೊನ್‌ಹಾರ್ಟ್, ತಲೆ ಸುತ್ತು ಜಾಸ್ತಿಯಾಗಿದೆ ಕಣೋ. ಇವತ್ತು ಎರಡು ಲೋಟ ಕುಡೀಲಾ?"

ಡಾಕ್ಟರು ನೆಲ ನೋಡಿದರು.

"ಬೇಡಮ್ಮ," ಎಂದಳು ರೋಸ್ವಿಟಾ. "ಮನೆಗೆ ಹೋಗಿ ಮಲಕ್ಕೋ. ಬೇರೆ ಡಾಕ್ಟರನ್ನ ಕರ್ಕೊಂಡು ಬರ್ತೀನಿ."