ಹನ್ನೊಂದು ವರ್ಷದ ಅನುಭವ

ಲ್ಯಾಬ್ ಡೈರೆಕ್ಟರ್ ಶೌಕತ್‌ನ ಡ್ರೈವರ್ ನನ್ನ ಕತ್ತಿನಪಟ್ಟಿ ಹಿಡಿದು ಮೂರನೇ ಮಹಡಿಯ ವರಾಂಡದ ಕಂಬಿಯಾಚೆ ಬಗ್ಗಿಸಿದ್ದ. ಕೆಳಗೆ ಸಿಮೆಂಟು ಅಂಗಳ.

"ಆ ಕಾಗದ ಕೊಡು ಸಬ್ರಿ. ಇಲ್ಲಾಂದ್ರೆ ಸೀದಾ ಕೆಳಗೆ ಹೋಗ್ತೀಯ."

"ನಾನು ಹೋಗಬೇಕಾಗಿರೋದೂ ಅಲ್ಲಿಗೇ ಕಣಯ್ಯ. ಅರ್ಜಿ ಕೌಂಟರ್ ಕೆಳಗಡೆ ತಾನೆ ಇರೋದು?"

ಮೊಣಕಾಲು ಎತ್ತಿದೆ. ಎಲ್ಲಿ ತಗುಲಬೇಕೋ ಅಲ್ಲೇ ತಗುಲಿತು. ಓಡಿದೆ.

ಕೌಂಟರ್ ಮುಚ್ಚೋದು ಎರಡು ಗಂಟೆಗೆ. ಇನ್ನು ಹನ್ನೆರಡೇ ನಿಮಿಷ...

ಕೈರೋ ಪೊಲೀಸ್ ಕೆಲಸ ಬಿಟ್ಟ ಮೇಲೆ ನಾನು ಎಂತೆಂಥ ಕಳ್ಳರ ಸಹವಾಸ ಮಾಡಿದ್ದೇನೆ. ಆದರೆ ಈ ದೊಡ್ಡ ಯೂನಿವರ್ಸಿಟಿಯ ದೊಡ್ಡ ಮನುಷ್ಯರಷ್ಟು ಭಂಡರನ್ನು ಲಾಕಪ್ಪಿನಲ್ಲೂ ಕಂಡಿಲ್ಲ. ನನ್ನ ಸಹಾಯ ಕೇಳಿ ಬಂದ ಇನ್ಸಾಫ್ ಎಂಬ ಹೆಂಗಸು ಇಲ್ಲಿನ ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು ಹನ್ನೊಂದು ವರ್ಷ ನಡೆಸಿದ್ದಾಳೆ. ಟೆಂಪರರಿ. ಈಗ ಆ ಕೆಲಸವನ್ನು ಪರ್ಮನೆಂಟ್ ಮಾಡಿ ಅರ್ಜಿ ಕರೆದಿದ್ದಾರೆ. ಸಿಗದಿದ್ದರೆ ನಾಳೆಯಿಂದ ಅವಳು ಮನೆಯಲ್ಲಿ.

ಹನ್ನೊಂದು ವರ್ಷದ ಅನುಭವ ಪತ್ರ ಕಡ್ಡಾಯ. ಅವಳ ಪತ್ರವನ್ನು ಶೌಕತ್ ತನ್ನ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದ. ಆ ಬೀಗ ಈಗಿಲ್ಲ.

ಮೆಟ್ಟಿಲು ಹಾರಿದೆ. ಹಿಂದೆ ಡ್ರೈವರ್ ಮತ್ತು ಅವನ ಜೊತೆಗಾರನೊಬ್ಬನ ಬೂಟಿನ ಸದ್ದು. ಕ್ಯಾಂಟೀನಿಗೆ ನುಗ್ಗಿ ಒಂದು ಟ್ರೇ ಚಹಾ ಬೀಳಿಸಿದೆ. ಒಬ್ಬ ಜಾರಿ ಬಿದ್ದ. ಇನ್ನೊಬ್ಬ ಅವನ ಮೇಲೆ ಬಿದ್ದ.

ಕೌಂಟರಿನ ಮುಂದೆ ಇನ್ಸಾಫ್ ಬೆವರುತ್ತ ನಿಂತಿದ್ದಳು. ಪಕ್ಕದಲ್ಲಿ ಶೌಕತ್. ಅವನ ಪಕ್ಕ ಅಕ್ಕನ ಮಗ ಹೈಥಮ್... ಮೈಕ್ರೋಸ್ಕೋಪನ್ನು ಫೋಟೋದಲ್ಲಿ ಮಾತ್ರ ನೋಡಿದ ಗಂಡಸು.

ಪತ್ರ ಒಳಗೆ ತಳ್ಳಿದೆ. ಕ್ಲರ್ಕ್ ನಗಿಯ್ಯಾ ತಾಮಿಯಾ ವಡೆ ಜಗಿಯುತ್ತಲೇ ಕನ್ನಡಕ ಏರಿಸಿದಳು.

"ಇದೇ ನಂಬರು, ಇದೇ ತಾರೀಖಿನ ಪತ್ರ ಹೈಥಮ್ ಅವರದ್ದೂ ಇದೆಯಲ್ಲಮ್ಮ. ಒಂದು ಖೋಟಾ."

"ಇವಳದ್ದೇ," ಅಂದ ಶೌಕತ್. "ಪೊಲೀಸ್ ಕರೀರಿ."

ಇನ್ಸಾಫ್ ಮುಖ ಬಿಳಿಚಿತು. "ನನ್ನ ಜೀವಮಾನ ತಿಂದ್ರಲ್ಲ ಸಾರ್," ಅಂದಳು, ಮೆಲ್ಲಗೆ.

ನನಗೆ ಮೈ ಉರಿಯಿತು. ಹೈಥಮ್‌ನ ಪತ್ರ ಎಳೆದುಕೊಂಡು ಓದಿದೆ. ಅದೇ ಯಂತ್ರ, ಅದೇ ವರ್ಷಗಳು. ಹೆಸರೊಂದು ಬದಲಿಸಿ, ಉಳಿದದ್ದನ್ನು ಓದದೆ ನಕಲು ಇಳಿಸಿದ್ದಾರೆ. ಕೊನೆಯ ಸಾಲಿಗೆ ಬಂದಾಗ ನಗು ತಡೆಯಲಾಗಲಿಲ್ಲ.

"ಮೇಡಂ, ಇದನ್ನ ಜೋರಾಗಿ ಓದಿ."

ನಗಿಯ್ಯಾ ಓದಿದಳು. "'ಶ್ರೀ ಹೈಥಮ್ ಅವರು ಐದನೇ ವರ್ಷದಲ್ಲಿ ತೊಂಬತ್ತು ದಿನ ಹೆರಿಗೆ ರಜೆ ಪಡೆದಿರುತ್ತಾರೆ...'"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಗಿಯ್ಯಾ ಇನ್ಸಾಫ್‌ಳ ಅರ್ಜಿಗೆ ಸರ್ಕಾರದ ಹದ್ದಿನ ಮೊಹರು ಒತ್ತಿ, ಖೋಟಾ ಪತ್ರವನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. ಎರಡಕ್ಕೆ ಒಂದು ನಿಮಿಷ.

ನಾನು ಹೈಥಮ್‌ನ ಹೆಗಲು ತಟ್ಟಿದೆ.

"ಬಾಣಂತನ ಯಾರಪ್ಪ ಮಾಡಿದ್ದು? ಸೋದರಮಾವನೇನಾ?"