ಅಂಕಿ ಇಲ್ಲದ ಅಳತೆ

ಮನುಷ್ಯರನ್ನು ಕಂಡ ಕೂಡಲೇ ಅವರ ಸೊಂಟದ ಸೈಜ್ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆಂಧ್ರ ಗಡಿಯ ರಾಯದುರ್ಗದಲ್ಲಿ, ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಒಂಬತ್ತು ವರ್ಷದಿಂದ ನಾನು ಕಟಿಂಗ್ ಮಾಸ್ಟರ್. ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನೂ ಹೀಗೇ ಗುರುತಿಟ್ಟುಕೊಳ್ಳುತ್ತಿದ್ದೆ. ಮಂಗಳಾ ನಮ್ಮ ಯೂನಿಟ್‌ಗೆ ಕಾಲಿಟ್ಟ ದಿನ ಆ ಜಂಬ ಇಳಿಯಿತು.

ಕಂಕುಳಲ್ಲಿ ಹೆಲ್ಮೆಟ್, ಕಾಲಿನ ತುಂಬ ಕೆಂಪು ಧೂಳು. ಬಂದವಳೇ ನನ್ನ ಟೇಬಲ್ ಮೇಲೆ ಹಾಸಿದ್ದ ಬಟ್ಟೆಯ ಮೇಲೆ ಮೂರು ಜೊತೆ ಮಂಡಿ ಪ್ಯಾಡ್ ಎಸೆದಳು. ಮೈಲಿಗೆಯಾಯಿತೇನೋ ಎಂಬಂತೆ ನಾನು ಬಟ್ಟೆ ಕೊಡವಿದೆ.

"ಮಾಸ್ಟರ್ ನೀವೇನಾ? ಇದು ಎಲ್, ಇದು ಎಕ್ಸೆಲ್, ಇದು ಡಬಲ್ ಎಕ್ಸೆಲ್. ಆನ್‌ಲೈನ್‌ನಾಗೆ ತರಿಸಿದ್ದು. ಮೂರರಾಗೆ ಒಂದೂ ನನ್ನ ಮೀನಖಂಡ ದಾಟಿ ಮಂಡಿಗೆ ಹತ್ತಲ್ಲ. ದೊಡ್ಡದು ಮಾಡಿಕೊಡ್ತೀರಾ?"

"ಇಲ್ಲಿ ಪ್ಯಾಂಟ್ ಮಾತ್ರ ರೀ, ಅದೂ ಐನೂರು ಪೀಸ್ ಒಂದೇ ಸಲಕ್ಕ. ಒಬ್ಬೊಬ್ಬರಿಗೆ ಹೊಲಿಯಂಗಿಲ್ಲ. ನಿಮ್ದು ಸೈಜ್ ಎಷ್ಟು?"

"ನನ್ನ ಸೈಜು ನಿಮ್ಮ ಚಾರ್ಟ್‌ನಾಗೆ ಇದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ?"

ಅವಳ ಕಾಲು ನೋಡಿದೆ. ಸೈಕಲ್ ತುಳಿದು ತುಳಿದು ಗಟ್ಟಿಯಾದ, ದಪ್ಪನೆಯ, ನೆಲಕ್ಕೆ ಊರಿ ನಿಂತ ಕಾಲುಗಳು. ಅವುಗಳಿಗೆ ಒಂದು ಅಂಕಿ ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅವಳ ಮುಖ ನೋಡಿದ ಮೇಲಂತೂ ಕಟಿಂಗ್ ಮಷೀನೇ ಮರೆತುಹೋಯಿತು.

ಅವಳೇ ಎಲ್ಲ ಹೇಳಿದಳು. ಮಡಕಶಿರಾ ಕಡೆಯ ಅಗಳಿಯವಳು. ಕೆಲಸ ಗುಮ್ಮಘಟ್ಟದ ಕಡೆಯ ಒಂದು ಗ್ರಾಮ ಸಚಿವಾಲಯದಲ್ಲಿ, ಅಂದರೆ ಊರಿನ ಸರ್ಕಾರಿ ಕಚೇರಿಯಲ್ಲಿ, ಕುರಿ ಮೇಕೆಗಳಿಗೆ ಸೂಜಿ ಹಾಕುವುದು, ಮದ್ದು ಕೊಡುವುದು. ರಸ್ತೆಯೇ ಇಲ್ಲದ ಹಟ್ಟಿಗಳಿಗೆ ದಪ್ಪ ಟೈರಿನ ಬೆಟ್ಟದ ಸೈಕಲ್ ಮೇಲೆ ಹೋಗುತ್ತಾಳೆ. ವರ್ಷಕ್ಕೊಮ್ಮೆ ಮಡಕಶಿರಾ ಬೆಟ್ಟದ ಮೇಲಿಂದ ಸೈಕಲ್ ಇಳಿಸುವ ಪಂದ್ಯ ನಡೆಯುತ್ತದೆ. ಎರಡೂ ಮಂಡಿಗೆ ಸರಿಯಾದ ಪ್ಯಾಡ್ ಇಲ್ಲದಿದ್ದರೆ ಬಿಡುವುದಿಲ್ಲ. ಹೋದ ವರ್ಷ ಇವಳನ್ನು ಸಾಲಿನಿಂದ ವಾಪಸ್ ಕಳಿಸಿದ್ದರು. ಮೈಕ್ ಹಿಡಿದವನು "ಈ ಮೇಡಂಗೆ ಸೈಜ್ ಸಿಕ್ಕಿಲ್ಲವಂತೆ" ಎಂದಿದ್ದ. ಜನ ನಕ್ಕಿದ್ದರು.

"ಈ ಸಲಾನೂ ವಾಪಸ್ ಕಳಿಸಿದ್ರೆ ಸೈಕಲ್ ಮಾರಿಬಿಡ್ತೀನಿ ಅಂತ ಅವ್ವಂಗೆ ಮಾತು ಕೊಟ್ಟಿದೀನಿ. ಮುಂದಿನ ವಾರದ ಭಾನುವಾರ ಪಂದ್ಯ. ಆಗುತ್ತಾ, ಆಗಲ್ವಾ, ಒಂದೇ ಮಾತು ಹೇಳಿ."

"ಆಗ್ತೈತ್ರಿ," ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಅಳತೆ ನಾನು ತೆಗೆಯುವಂತಿರಲಿಲ್ಲ. ದಾರದ ತುದಿ ಕತ್ತರಿಸುವ ತಿಪ್ಪಕ್ಕನನ್ನು ಕರೆದು ಟೇಪ್ ಕೊಟ್ಟೆ. ತಿಪ್ಪಕ್ಕನ ದನಿ ಆಚೆ ಬೀದಿಗೂ ಕೇಳುತ್ತದೆ. ಅವಳು ಟೇಪ್ ಸುತ್ತಿ ಅಂಕಿ ಓದುವ ಮೊದಲೇ ಮಂಗಳಾ ಅವಳ ಕೈ ಹಿಡಿದುಕೊಂಡಳು. ಇಪ್ಪತ್ತು ಹೊಲಿಗೆ ಮಷೀನ್‌ಗಳ ಹಿಂದಿನಿಂದ ಎಲ್ಲರೂ ಇತ್ತಲೇ ನೋಡುತ್ತಿದ್ದರು. ಅಷ್ಟು ಹೊತ್ತು ಜೋರಾಗಿ ಮಾತಾಡಿದ್ದ ಹುಡುಗಿ ತಲೆ ತಗ್ಗಿಸಿದ್ದಳು.

ಜೀನ್ಸ್ ಬಟ್ಟೆಯ ಕೆಂಪು ದಾರದ ಅಂಚಿನಿಂದ ಮೂರು ಪಟ್ಟಿ ಕತ್ತರಿಸಿದೆ.

"ಅಂಕಿ ಬ್ಯಾಡ್ರಿ. ಟೇಪ್ ಬಿಡು ತಿಪ್ಪಕ್ಕ. ಮಂಡಿ ಮ್ಯಾಲೆ ಒಂದು, ಮಂಡಿಗೆ ಒಂದು, ಕೆಳಗ ಒಂದು ಪಟ್ಟಿ ಸುತ್ತಿ ಚಾಕ್‌ನಾಗ ಗೆರೆ ಎಳಿ. ಮೇಡಂ, ನೀವು ಸೈಕಲ್ ಮ್ಯಾಲೆ ಕುಂತಂಗ ಮಂಡಿ ಮಡಚ್ರಿ. ನಾನು ಆ ಕಡೆ ತಿರುಗಿರ್ತೀನಿ."

ಗೋಡೆಯತ್ತ ಮುಖ ಮಾಡಿ ನಿಂತೆ. ಭುಜದ ಮೇಲಿಂದ ಒಂದೊಂದೇ ಪಟ್ಟಿ ಹಿಂದಕ್ಕೆ ಚಾಚಿದೆ. ಮೂರನೆಯದನ್ನು ತೆಗೆದುಕೊಂಡ ಬೆರಳು ತಿಪ್ಪಕ್ಕನದಲ್ಲ ಎಂದು ತಕ್ಷಣ ತಿಳಿಯಿತು.

"ಗೋಡೆ ಸೈಜ್ ಎಷ್ಟು, ಮಾಸ್ಟರ್?"

"ನೋಡಾಕತ್ತೀನಿ ರೀ."

"ನಿಮ್ಮ ಕಡೆ ಎಲ್ಲಾದಕ್ಕೂ ‘ರೀ’ ಹಚ್ಚಿಯೇ ಮಾತಾಡ್ತೀರಾ?"

"ಹೌದ್ರಿ."

ಅವಳು ನಕ್ಕಳು. ಆ ನಗು ಕೇಳಿದ್ದೇ ನಾನು ಕೆಟ್ಟೆ. ತಿರುಗಿ ನೋಡಬೇಕೆನ್ನಿಸಿತು, ಮಾತು ಕೊಟ್ಟಿದ್ದರಿಂದ ಗೋಡೆಯನ್ನೇ ನೋಡಿದೆ. ಕಿವಿ ಮಾತ್ರ ಬಿಸಿಯಾಗಿದ್ದನ್ನು ತಿಪ್ಪಕ್ಕ ಕಂಡಿರಬೇಕು, ಸುಮ್ಮನೆ ಕೆಮ್ಮಿದಳು.

ಬೆಲ್ಟ್ ಕಟ್ಟಿ ಬಿಗಿಯುವ ಪ್ಯಾಡ್ ಬೇಡವೆಂದು ಆಗಲೇ ತೀರ್ಮಾನಿಸಿದ್ದೆ. ಹಳೆಯವು ಅವಳ ಮೀನಖಂಡದ ಮೇಲೆ ಬರೆ ಎಳೆದಿದ್ದವು ಎಂದು ತಿಪ್ಪಕ್ಕ ಹೇಳಿದ್ದಳು. ಅದಕ್ಕೇ ಅಂಗಿಯ ತೋಳಿನ ಹಾಗೆ ಎಳೆದು ಹಾಕಿಕೊಳ್ಳುವಂಥದ್ದು, ಹಿಗ್ಗುವ ಜೀನ್ಸ್ ಬಟ್ಟೆಯಲ್ಲಿ. ಮುಂದೆ ಅವಳು ಬಿಟ್ಟುಹೋದ ಎಲ್ ಪ್ಯಾಡಿನ ಗಟ್ಟಿ ಚಿಪ್ಪು. ಚಿಪ್ಪಿನ ಒಳಗೆ ಕಂಬಳಿಯ ನಾಲ್ಕು ಮಡಿಕೆ.

ಕಂಬಳಿ ಕೇಳಲು ಊರಿಗೆ ಹೋದೆ. ನಮ್ಮದು ಕುರಿ ಸಾಕುವ ಮನೆ, ಗುಮ್ಮಘಟ್ಟದ ಆಚೆ. ಅವ್ವ ಮೈಲಾರಮ್ಮ ಸೊಂಟಕ್ಕೆ ಕೈ ಕೊಟ್ಟು ಕೇಳಿದಳು.

"ಯಾರಿಗೋ ಮುತ್ತುರಾಜ್?"

"ಒಬ್ರು ಮೇಡಂ ಅದಾರ. ಸೈಕಲ್ ಹೊಡಿತಾರ."

"ನಮ್ಮ ಕುರಿಗೆ ಸೂಜಿ ಹಾಕಾಕ ಬರ್ತಾಳಲ್ಲ, ಆ ಮಂಗಳಾಗಾ?"

ನಾನು ಮೂಲೆಯಲ್ಲಿದ್ದ ಹಳೆಯ ಕಂಬಳಿ ತೋರಿಸಿದೆ. ಅವ್ವ ಅದನ್ನು ಮುಟ್ಟಲಿಲ್ಲ. ಪೆಟ್ಟಿಗೆಯಿಂದ ಹೊಸದನ್ನೇ ತೆಗೆದು, ಮೂಲೆಯಿಂದ ಎರಡು ಗೇಣು ಕತ್ತರಿಸಿಕೊಟ್ಟಳು.

ನಾಲ್ಕು ದಿನ ಊಟದ ಬಿಡುವಿನಲ್ಲಿ ಕೂತು ಹೊಲಿದೆ. ಐನೂರು ಪ್ಯಾಂಟ್ ಒಮ್ಮೆಗೇ ಕತ್ತರಿಸುವ ನನಗೆ ಎರಡು ಮಂಡಿಯ ಬಟ್ಟೆ ಕತ್ತರಿಸಲು ಒಂದಿಡೀ ಬಿಡುವು ಬೇಕಾಯಿತು. ಒಬ್ಬರಿಗೆ ಎಂದು ಹೊಲಿಯುವುದರಲ್ಲಿ ಇಂಥ ಸುಖವಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಮೂರು ಪಟ್ಟಿಗಳನ್ನು ಸುರುಳಿ ಸುತ್ತಿ ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಬುಧವಾರ ಪ್ಯಾಡ್ ಹಿಡಿದು ಹೋದರೆ ನಮ್ಮ ಹಟ್ಟಿಯ ಹತ್ತಿರವೇ ಅವಳು ಸಿಕ್ಕಳು. ಕುರಿಗಳಿಗೆ ಸೂಜಿ ಹಾಕಿ ಮುಗಿಸಿದ್ದಳು. ಪ್ಯಾಡ್ ನೋಡಿದ ಕೂಡಲೇ ಅವಳ ಕಣ್ಣು ಅರಳಿತು. ಟ್ರ್ಯಾಕ್ ಪ್ಯಾಂಟಿನ ಮೇಲೇ ಎಳೆದುಕೊಂಡಳು. ಮೀನಖಂಡ ದಾಟಿತು, ಮಂಡಿಗೆ ಏರಿತು.

"ಹತ್ತಿತು! ಮಾಸ್ಟರ್, ಹತ್ತಿತು ಕಣ್ರೀ!"

ಸೈಕಲ್ ಹತ್ತಿ ತುಳಿದಳು. ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿಗೆ ಎರಡೂ ಪ್ಯಾಡ್ ಸರ್ರನೆ ಜಾರಿ ಪಾದದ ಮೇಲೆ ಬಿದ್ದವು. ಕುರಿಗಳ ಮಧ್ಯೆ ಕೋಲೂರಿ ನಿಂತಿದ್ದ ನಮ್ಮ ದೊಡ್ಡಪ್ಪ ಜುಂಜಣ್ಣ ಹೊಟ್ಟೆ ಹಿಡಿದು ನಕ್ಕ. ಅವನ ಜೊತೆಗಿದ್ದವರೂ ನಕ್ಕರು.

ಮಂಗಳಾ ಇಳಿದಳು. ಪ್ಯಾಡ್ ಕಳಚಿ, ಧೂಳು ಕೊಡವಿ, ನನ್ನ ಕೈಗಿಟ್ಟಳು.

"ನನ್ನ ಅಳತೆ ಪಟ್ಟಿಯಾಗೆ ಇತ್ತಲ್ವಾ?"

"ಇತ್ತು ರೀ."

"ಹಂಗಿದ್ರೂ ಇನ್ನಷ್ಟು ಸೇರಿಸಿದ್ರಿ. ಪಟ್ಟಿ ಸುಳ್ಳು, ಕಣ್ಣು ನಿಜ ಅನ್ನಿಸ್ತಾ? ಎಲ್ರೂ ನನ್ನ ಇರೋದಕ್ಕಿಂತ ದೊಡ್ಡದಾಗೇ ನೋಡ್ತಾರೆ. ನೀವು ಗೋಡೆ ನೋಡ್ತಾ ನಿಂತಿದ್ರಿ ಅಂತ ನಂಬಿದ್ದೆ."

ಎಲ್ಲಿ ತಪ್ಪಿತು ಎಂದು ನನಗೇ ತಿಳಿದಿರಲಿಲ್ಲ. ಅವಳು ತಿರುಗಿಯೂ ನೋಡದೆ ಹೊರಟುಹೋದಳು. ಕಲ್ಲಿನ ದಾರಿಯಲ್ಲಿ ಆ ಸೈಕಲ್ ದೂರವಾಗುವವರೆಗೂ ನೋಡುತ್ತಿದ್ದೆ. ಅಷ್ಟು ನೋವು ನನಗೆ ಹಿಂದೆಂದೂ ಆಗಿರಲಿಲ್ಲ.

ವಾಪಸ್ ಬರುವಾಗ ಶೇರ್ ಆಟೋದಲ್ಲಿ ಪಟ್ಟಿ ತೆಗೆದು ಪ್ಯಾಡಿನ ಬಾಯಿಗೆ ಹಿಡಿದೆ. ನಾಲ್ಕು ಬೆರಳು ಹೆಚ್ಚು. ಯಾಕೆ ಹೆಚ್ಚಾಯಿತು? ಕತ್ತರಿಸಿದ್ದು ನಾನೇ, ಪಟ್ಟಿಯನ್ನು ಕಣ್ಣ ಮುಂದಿಟ್ಟುಕೊಂಡೇ ಕತ್ತರಿಸಿದ್ದು.

ಮರುದಿನ ವಾಷಿಂಗ್ ವಿಭಾಗದ ಗೋವರ್ಧನ್ ಬಿಸಿನೀರಿನ ಡ್ರಮ್ಮಿನಿಂದ ಪ್ಯಾಂಟುಗಳನ್ನು ಎಳೆದು ಹಾಕುತ್ತಿದ್ದ. ನಾನು ಕತ್ತರಿಸಿದ ಲಾಟ್ ಅದು. ಒಳಗೆ ಹೋಗುವಾಗ ದೊಗಳೆಯಾಗಿದ್ದ ಪ್ಯಾಂಟುಗಳು ಅಳತೆಗೆ ಇಳಿದು ಹೊರಬಂದಿದ್ದವು. ನಾನು ಹಣೆ ಹಣೆ ಚಚ್ಚಿಕೊಂಡೆ. ಹಿಗ್ಗುವ ಜೀನ್ಸ್ ಬಟ್ಟೆ ಮೊದಲ ಒಗೆತಕ್ಕೆ ಅಗಲದಲ್ಲಿ ಕುಗ್ಗುತ್ತದೆ. ಒಂಬತ್ತು ವರ್ಷದಿಂದ ಒಗೆದ ಮೇಲಿನ ಅಳತೆಗೆ ಎಂದೇ ನಾಲ್ಕು ಬೆರಳು ಹೆಚ್ಚಿಟ್ಟು ಕತ್ತರಿಸಿ ಕತ್ತರಿಸಿ, ಕೈಗೆ ಅದೇ ರೂಢಿ. ಅವಳ ಬಟ್ಟೆಗೂ ಕೈ ತನ್ನಷ್ಟಕ್ಕೆ ತಾನು ಒಗೆತದ ಲೆಕ್ಕ ಸೇರಿಸಿತ್ತು. ನಾನು ಒಗೆಯದೆಯೇ ತೆಗೆದುಕೊಂಡು ಹೋಗಿ ಕೊಟ್ಟಿದ್ದೆ.

ಚಿಪ್ಪು, ಕಂಬಳಿ ಬಿಚ್ಚಿ ಬಟ್ಟೆಯನ್ನು ಗೋವರ್ಧನನ ಡ್ರಮ್ಮಿಗೆ ಹಾಕಿಸಿದೆ. ಒಣಗಿದ ಮೇಲೆ ಪಟ್ಟಿ ಹಿಡಿದರೆ ಚಾಕ್ ಗೆರೆಗೆ ಸರಿಯಾಗಿ ಕೂತಿತು. ಚಿಪ್ಪು, ಕಂಬಳಿ ಮತ್ತೆ ಹೊಲಿದು ಮಂಗಳಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಶುಕ್ರವಾರವೂ ಎತ್ತಲಿಲ್ಲ. ಶನಿವಾರ ಸಚಿವಾಲಯಕ್ಕೆ ಹೋದರೆ, ರಜೆ ಹಾಕಿ ಊರಿಗೆ ಹೋಗಿದ್ದಾರೆ ಎಂದರು.

ಭಾನುವಾರ ಮೊದಲ ಬಸ್ಸು ಹತ್ತಿದೆ. ಟಿಕೆಟ್ ಕೊಡುತ್ತಾ ಕಂಡಕ್ಟರ್ ನನ್ನ ಕುತ್ತಿಗೆ ನೋಡಿ ನಕ್ಕ. "ಏನ್ ಮಾಸ್ಟರ್, ಬಸ್ಸಿಗೂ ಅಳತೆ ತಗೊಂತೀರಾ?" ಟೇಪ್ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ತೆಗೆಯಲು ಕೈ ಬರಲಿಲ್ಲ, ಪ್ಯಾಡ್‌ಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದಿದ್ದೆ.

ಮಡಕಶಿರಾ ಬೆಟ್ಟ ಹತ್ತುವಷ್ಟರಲ್ಲಿ ನನ್ನ ಉಸಿರು ಬಾಯಿಗೆ ಬಂದಿತ್ತು. ಮೇಲೆ ಸೈಕಲ್‌ಗಳ ಸಾಲು. ಮಂಗಳಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಹಳೆಯ ಡಬಲ್ ಎಕ್ಸೆಲ್ ಪ್ಯಾಡನ್ನು ಹಿಂದೆ ಕತ್ತರಿಸಿ, ಮಂಡಿಗೆ ದುಪಟ್ಟಾದ ಚೂರಿನಿಂದ ಕಟ್ಟಿಕೊಂಡಿದ್ದಳು. ಪರೀಕ್ಷೆ ಮಾಡುತ್ತಿದ್ದ ಪ್ರಸಾದ್ ಎಂಬುವವರು ತಲೆ ಅಲ್ಲಾಡಿಸಿದರು.

"ಕಟ್ಟಿದ್ದು ನಡೆಯಲ್ಲ ಮೇಡಂ. ಬಿದ್ರೆ ಬಿಚ್ಚಿಹೋಗುತ್ತೆ. ಪಕ್ಕಕ್ಕೆ ಬನ್ನಿ."

"ಒಂದ್ ನಿಮಿಷ ರೀ!" ಎಂದು ನಾನು ಕೂಗಿದ್ದು ಬೆಟ್ಟದ ಕೆಳಗೂ ಕೇಳಿಸಿರಬೇಕು.

ಅವಳು ತಿರುಗಿದಳು. ಮುಖದಲ್ಲಿ ಸಿಟ್ಟೂ ಇತ್ತು, ತುಂಬಿಕೊಂಡ ಕಣ್ಣೀರೂ ಇತ್ತು.

"ಯಾಕೆ ಬಂದ್ರಿ?"

"ಒಗಿಯೋದು ಮರ್ತಿದ್ದೆ ರೀ."

"ಏನು?"

"ಒಗದ್ರ ಕುಗ್ಗೋ ಬಟ್ಟಿ ಅದು. ನಾನು ದಿನಾ ಕತ್ತರಿಸೋದು ಒಗದ ಮ್ಯಾಲಿನ ಅಳತಿಗೆ. ನಿಮ್ಮನ್ನ ದೊಡ್ಡದಾಗಿ ನೋಡ್ಲಿಲ್ಲ ರೀ. ನನ್ನ ಕೈ ಮನುಷ್ಯರಿಗೆ ಹೊಲಿದು ಗೊತ್ತಿಲ್ದ ಕೈ. ಈಗ ಒಗದು ತಂದೀನಿ. ನಂಬಬ್ಯಾಡ್ರಿ, ನೀವೇ ಪಟ್ಟಿ ಹಿಡಿದು ನೋಡ್ರಿ."

ಜೇಬಿನಿಂದ ಮೂರು ಪಟ್ಟಿ ತೆಗೆದೆ. ಅವಳು ಒಂದೊಂದನ್ನೂ ಪ್ಯಾಡಿನ ಸುತ್ತ ಹಿಡಿದು ನೋಡಿದಳು. ಮೇಲೆ ಸರಿ. ಮಧ್ಯಕ್ಕೆ ಸರಿ. ಕೆಳಗೂ ಸರಿ. ಒಂದು ಗೆರೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವಳು ಪಟ್ಟಿಗಳನ್ನು ಮತ್ತೆ ಸುರುಳಿ ಸುತ್ತಿದಳು.

"ಹೊಲಿದು ಮುಗಿದ ಮೇಲೂ ಈ ಪಟ್ಟಿ ಯಾಕೆ ಇಟ್ಕೊಂಡಿದ್ರಿ?"

"ಎಸ್ಯಾಕ ಮನಸ್ಸು ಬರ್ಲಿಲ್ಲ. ನಿಮ್ಮವು ಅಂತ ನನ್ನತ್ರ ಇದ್ದದ್ದು ಇವು ಮೂರೇ."

ಅವಳು ನನ್ನ ಮುಖವನ್ನೇ ನೋಡಿದಳು. ಈ ಸಲ ನಾನು ಗೋಡೆ ಹುಡುಕಲಿಲ್ಲ.

"ಮೇಡಂ, ಟೈಮ್ ಆಯ್ತು," ಎಂದರು ಪ್ರಸಾದ್. ಅವಳು ಅಲ್ಲೇ ಬಂಡೆಯ ಮೇಲೆ ಕೂತು ಪ್ಯಾಡ್ ಎಳೆದುಕೊಂಡಳು. ಪ್ರಸಾದ್ ಬಗ್ಗಿ ಎಳೆದು ನೋಡಿದರು, ಅಲುಗಲಿಲ್ಲ. "ಹೋಗಿ," ಎಂದರು.

ಅವಳು ಹೋದಳು. ನಾನು ಕಾಲುದಾರಿಯಲ್ಲಿ ಎಡವುತ್ತಾ ಏಳುತ್ತಾ ಓಡಿ ಇಳಿದೆ. ಅರ್ಧ ದಾರಿಯ ತಿರುವಿನಲ್ಲಿ ಸೈಕಲ್ ಜಾರಿತು, ಮಂಗಳಾ ಎರಡೂ ಮಂಡಿಯೂರಿ ಬಂಡೆಯ ಮೇಲೆ ಉಜ್ಜಿಕೊಂಡು ಹೋದಳು. ನನ್ನ ಜೀವ ಹೋಗಿ ಬಂತು. ಆದರೆ ಅವಳು ಎದ್ದಳು, ಸೈಕಲ್ ಎತ್ತಿದಳು, ಮತ್ತೆ ಹತ್ತಿದಳು.

ಒಂಬತ್ತು ಜನರಲ್ಲಿ ಏಳನೆಯವಳಾಗಿ ಬಂದಳು. ಗೆದ್ದವಳೂ ಅಷ್ಟು ನಗುತ್ತಿರಲಿಲ್ಲ. ಕೆಳಗೆ ಕಾಯುತ್ತಿದ್ದ ಅವರವ್ವನ ಕಡೆಗೆ ಕೈ ಎತ್ತಿ ಕೂಗಿದಳು. "ಸೈಕಲ್ ಮಾರಲ್ಲ ಕಣವ್ವ!"

ಆಮೇಲೆ ಬೇವಿನ ನೆರಳಲ್ಲಿ ಕೂತು ಕಾಲು ಚಾಚಿದಳು. ಚಿಪ್ಪಿನ ಅಂಚಿನಲ್ಲಿ ಜೀನ್ಸ್ ಬಟ್ಟೆ ಉಜ್ಜಿ ಬೆಳ್ಳಗಾಗಿತ್ತು. ಒಳಗೆ ಕಂಬಳಿ ಹಾಗೇ ಇತ್ತು, ಮಂಡಿಗೆ ಗೀರೂ ಆಗಿರಲಿಲ್ಲ.

"ಹಾಳಾಯ್ತು, ಮಾಸ್ಟರ್."

"ಹಾಳಲ್ಲ ರೀ. ಮೊಣಕಾಲ ಹತ್ರ ಹಿಂಗ ಬೆಳ್ಳಗಾಗ್ಲಿ ಅಂತ ನಮ್ಮ ಯೂನಿಟ್‌ನಾಗ ನಾಲ್ಕು ಮಂದಿ ದಿನಾ ಕುಂತು ಹೊಸಾ ಪ್ಯಾಂಟ್ ಉಜ್ಜತಾರ. ಅವ್ರಿಗೂ ಇಷ್ಟು ಚಂದ ಬರಂಗಿಲ್ಲ."

ಅವಳು ಜೋರಾಗಿ ನಕ್ಕಳು. ನಂತರ ಕೈ ಚಾಚಿ ನನ್ನ ಕುತ್ತಿಗೆಯಲ್ಲಿದ್ದ ಟೇಪ್ ಎಳೆದುಕೊಂಡಳು. ಪ್ಯಾಡ್ ಜಾರಿಸಿ, ಮಂಡಿಯ ಸುತ್ತ ತಾನೇ ಟೇಪ್ ಸುತ್ತಿದಳು. ಅದರ ತುದಿಯನ್ನು ನನ್ನ ಬೆರಳಿಗೆ ಕೊಟ್ಟಳು.

"ಓದಿ. ನನಗೆ ಕೇಳೋವಷ್ಟು ಮಾತ್ರ."

"ಬ್ಯಾಡ್ರಿ..."

"ಓದು ಮುತ್ತುರಾಜ್. ನೀನು ಹೇಳಿದ್ರೆ ನನಗೇನೂ ಆಗಲ್ಲ."

ಬಗ್ಗಿ, ಅವಳ ಕಿವಿಯ ಹತ್ತಿರ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಅಷ್ಟೇನಾ?"

"ಅಷ್ಟೇ."

"ಇಷ್ಟು ವರ್ಷ ಇದಕ್ಕಾ ನಾನು ಹೆದರಿದ್ದು!" ಎಂದು ತನ್ನ ಕೈಯನ್ನು ನನ್ನ ಕೈ ಮೇಲಿಟ್ಟಳು. ಟೇಪ್ ಕೆಳಗೆ ಬಿತ್ತು, ಇಬ್ಬರೂ ಎತ್ತಿಕೊಳ್ಳಲಿಲ್ಲ. ದೂರದಿಂದ ಅವರವ್ವ ನಮ್ಮನ್ನೇ ನೋಡುತ್ತಿದ್ದರು. ನಾನು ಎದ್ದು ನಮಸ್ಕಾರ ಮಾಡಲು ಹೋದರೆ ಮಂಗಳಾ ಕೈ ಬಿಡಲಿಲ್ಲ.

ಆ ಅಂಕಿ ಎಷ್ಟು ಎಂದು ತಿಪ್ಪಕ್ಕ ಇವತ್ತಿಗೂ ಕೇಳುತ್ತಾಳೆ. ನಾನು ಹೇಳುವುದಿಲ್ಲ, ನಿಮಗೂ ಹೇಳುವುದಿಲ್ಲ.